ಕೊಂಬಿನ ಬುಡದ ತೂತು

"ಹೇರ್‌ಪಿನ್ನು ಒಳಗೆ ಹೋಯ್ತು ನೋಡಿ ಮೇಡಂ," ಎಂದಳು ಸತ್ತವನ ಹೆಂಡತಿ.

ಇನ್‌ಸ್ಪೆಕ್ಟರಮ್ಮ ಮೇಜಿನ ಮೇಲೆ ಬಾಗಿದಳು. ಜೋಡಿ ಕೊಂಬಿನಲ್ಲಿ ಒಂದನ್ನು ಆ ಹೆಂಗಸು ಮಗುಚಿ ಹಾಕಿ ಎಡಗೈಯಲ್ಲಿ ಒತ್ತಿ ಹಿಡಿದಿದ್ದಳು. ಹಿಂದಕ್ಕೆ ಬಾಗಿದ ಮೊಳದುದ್ದದ ಕೊಂಬು, ಮೈತುಂಬ ವರ್ಷಕ್ಕೊಂದರಂತೆ ಬೆಳೆದ ಉಂಗುರಗಳು. ಬುಡದ ಒಳಮಗ್ಗುಲಲ್ಲಿ ಮಣ್ಣು ಮೆತ್ತಿಕೊಂಡ ಜಾಗದೊಳಗೆ ಹೇರ್‌ಪಿನ್ನು ಅರ್ಧ ಇಳಿದಿತ್ತು.

ಆಕೆ ಅದನ್ನು ತಿರುಗಿಸಿ ಎಳೆದಳು. ಒಣಮಣ್ಣು ಉದುರಿತು. ಅದರ ಹಿಂದೆ ಕಡಲೆಕಾಳಿನಷ್ಟು ದಪ್ಪದ, ಗುಂಡಗೆ ಕೊರೆದ ತೂತು.

"ಏನಮ್ಮ ಇದು?"

"ನಮ್ಮ ಮನೆಯವರೇ ಕೊರೆದಿದ್ದು. ಬೆಟ್ಟದಾಡು ಚಳಿಗೋ ಮುಪ್ಪಿಗೋ ಸತ್ತು ಬಿದ್ದಿದ್ರೆ ಅದರ ಕೊಂಬನ್ನ ತಂದು ಉಗ್ರಾಣಕ್ಕೆ ಹಾಕ್ಬೇಕು. ಹಾಕೋಕೆ ಮುಂಚೆ ಬುಡಕ್ಕೆ ತೂತು ಕೊರೆದು, ತಂತಿ ಪೋಣಿಸಿ, ನಂಬರಿನ ತಗಡು ಕಟ್ತಾರೆ. ತೂತಿರೋ ಕೊಂಬನ್ನ ಯಾವ ಕಳ್ಳವ್ಯಾಪಾರಿನೂ ಮುಟ್ಟಲ್ಲ. ಅದಕ್ಕೇ ಆ ಏರ್ಪಾಡು."

"ಅಂದ್ರೆ ಇದು ಬೇಟೆಯಾಡಿ ತಂದ ಕೊಂಬಲ್ಲ."

"ಯಾವತ್ತೋ ತಾನಾಗೇ ಸತ್ತ ಆಡಿನದು. ಉಗ್ರಾಣದಲ್ಲಿ ಇರಬೇಕಾದ್ದು. ನಮ್ಮ ಮನೆಯವರ ಚೀಲಕ್ಕೆ ಹೇಗೆ ಬಂತು ಅಂತ ನೀವೇ ಹೇಳಿ."

ಆರು ದಿನದ ಹಿಂದೆ ಹುಲ್ಲುಗಾವಲಿನ ಮೇಲಂಚಿನಿಂದ ಬಿದ್ದು ಸತ್ತ ಹಿಂಡಿನ ಕಾವಲುಗಾರ 'ಎಣಿಕೆಯಣ್ಣ' ಈ ಕೊಂಬಿನ ದೆಸೆಯಿಂದ ಬೇಟೆಗಳ್ಳನಾಗಿದ್ದ. ಅವನ ತಮ್ಮ ಕಳ್ಳನ ಪಾಲುದಾರನಾಗಿ ಲಾಕಪ್ಪಿನಲ್ಲಿದ್ದ.

ಇವತ್ತು ಸಂಜೆ ಐದಕ್ಕೆ ಫೈಲು ಮುಚ್ಚಬೇಕೆಂದು ಮೇಲಿನವರ ಅಪ್ಪಣೆ. ಮುಚ್ಚಿದರೆ ಸತ್ತವನು ಎಂದೆಂದಿಗೂ ಕಳ್ಳ, ಬದುಕಿದವನಿಗೆ ದೊಡ್ಡ ಜೈಲು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ.

ಕೊಂಬಿನ ಕೇಸಿಗೆಂದು ದೊಡ್ಡ ಊರಿನಿಂದ ಬಂದ ಇನ್‌ಸ್ಪೆಕ್ಟರಮ್ಮನನ್ನು ಠಾಣೆಯವರು ಬೆನ್ನ ಹಿಂದೆ ಕೆಂಡಮ್ಮ ಎನ್ನುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಈಗ ಅವಳಿಗೆ ಮೊದಲು ಸಿಟ್ಟು ಬಂದದ್ದು ತನ್ನ ಮೇಲೆಯೇ. ನಾಲ್ಕು ದಿನದಿಂದ ಕೊಂಬು ಇದೇ ಮೇಜಿನ ಮೇಲಿದೆ. ಫೋಟೋ ತೆಗೆದರು, ಅಳತೆ ಹಿಡಿದರು, ಚೀಟಿ ಅಂಟಿಸಿದರು. ಮಗುಚಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಲಾಕಪ್ಪಿನಲ್ಲಿರುವ ತಮ್ಮ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ, "ಕೊಂಬು ನೋಡಿ." ಬೇರೆ ಏನು ಕೇಳಿದರೂ ಬಾಯಿಗೆ ಬೀಗ. ಅವಳೂ ಎರಡು ಸಲ ಕೇಳಿಸಿಕೊಂಡು, ತಲೆ ಕೆಟ್ಟಿದೆ ಎಂದುಕೊಂಡು ಸುಮ್ಮನಾಗಿದ್ದಳು.

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದೀವಿ," ಎಂದಳು ಹಲ್ಲು ಕಚ್ಚಿ. "ಹೆಡ್ಡೇ, ಜೀಪ್ ತೆಗೀರಿ."

ಹೆಡ್ ಕಾನ್‌ಸ್ಟೇಬಲ್ಲಿಗೆ ನಿವೃತ್ತಿಗೆ ಏಳು ತಿಂಗಳಿತ್ತು. ಅಷ್ಟರಲ್ಲಿ ಒಂದು ಸಲವಾದರೂ ಊಟವನ್ನು ಬಿಸಿಯಾಗಿ ತಿನ್ನಬೇಕೆಂಬುದು ಅವನ ಆಸೆ. ಡಬ್ಬಿಯ ಮುಚ್ಚಳವನ್ನು ತೆಗೆದಷ್ಟೇ ಮೆಲ್ಲಗೆ ಮತ್ತೆ ಮುಚ್ಚಿದ.

"ಎಲ್ಲಿಗೆ ಮೇಡಂ?"

"ಉಗ್ರಾಣದ ಬೀಗ ಯಾರ ಸೊಂಟದಲ್ಲಿದೆಯೋ ಅಲ್ಲಿಗೆ."

ಎಣಿಕೆಯಣ್ಣನ ಹೆಂಡತಿ ಹೇರ್‌ಪಿನ್ನನ್ನು ಸೀರೆಯಂಚಿಗೆ ಒರೆಸಿ ತಲೆಗೆ ಸಿಕ್ಕಿಸಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಹಿಂಡಿನ ಮುಂದಾಳು ಹೆಣ್ಣಾಡಿಗೆ ಅವರು 'ಅತ್ತೆ' ಅಂತ ಹೆಸರಿಟ್ಟಿದ್ರು. ಎಲ್ಲರಿಗೂ ಜೋರು ಮಾಡುತ್ತೆ ಅಂತ. 'ನಂಗೆ ಇಬ್ಬರು ಅತ್ತೆಯರು ಕಣೇ, ಕೆಳಗಿರೋಳಿಗೆ ಬರೀ ಬಾಯಿ, ಮೇಲಿರೋಳಿಗೆ ಕೊಂಬೂ ಇದೆ' ಅನ್ನೋರು. ಅಂಥೋರು ಅದರ ಕೊಂಬು ಕತ್ತರಿಸ್ತಾರಾ ಮೇಡಂ?"

ಇನ್‌ಸ್ಪೆಕ್ಟರಮ್ಮ ಕೊಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಟೋಪಿ ಎತ್ತಿಕೊಂಡು ಹೊರಗೆ ನಡೆದಳು.

ಅರಣ್ಯ ಕಚೇರಿ ಇದ್ದದ್ದು ದಾರಿ ಮುಗಿಯುವ ಕಡೆ. ಅದರ ಕಿಟಕಿಯಿಂದ ನೋಡಿದರೆ ಎದುರಿಗೆ ಹುಲ್ಲುಗಾವಲು, ಹುಲ್ಲಿನ ತುದಿಗೆ ಬಂಡೆ, ಬಂಡೆಯ ಮೇಲೆ ಆಕಾಶ. ಹಿಂಡು ಮೇಯುತ್ತಿತ್ತು. ಕಂದು ಬಣ್ಣದ ಹೆಣ್ಣುಗಳು, ಅವುಗಳ ಹೊಟ್ಟೆಯ ಕೆಳಗೆ ಮರಿಗಳು. ಒಂದು ದಪ್ಪ ಹೆಣ್ಣಾಡು ಮಾತ್ರ ಮೇಯದೆ, ಚಾಚಿದ ಕಲ್ಲಿನ ಮೇಲೆ ನಿಂತು ಕೆಳಗಿನ ದಾರಿಯನ್ನು ನೋಡುತ್ತಿತ್ತು. ಜೀಪ್ ಬಂದದ್ದನ್ನು ಕಚೇರಿಯವರಿಗಿಂತ ಮೊದಲು ಕಂಡದ್ದು ಅದೇ.

ಒಳಗೆ ಇಬ್ಬರಿದ್ದರು. ದೊಡ್ಡ ಮೇಜಿನ ಹಿಂದೆ ರೇಂಜರ್ ಸಾಹೇಬ. ಐವತ್ತು ದಾಟಿದ, ಮೀಸೆ ಅರ್ಧ ನರೆತ ಮನುಷ್ಯ. ಬದಿಯ ಸಣ್ಣ ಮೇಜಿನಲ್ಲಿ ಗುಮಾಸ್ತ. ಗುಮಾಸ್ತನ ಪೆನ್ನು ಕಾಗದದ ಮೇಲಿತ್ತು, ಕಿವಿ ಇಡೀ ಕೋಣೆಯ ಮೇಲಿತ್ತು.

ಇನ್‌ಸ್ಪೆಕ್ಟರಮ್ಮ ಕೂರಲಿಲ್ಲ. ಕೊಂಬನ್ನು ದೊಡ್ಡ ಮೇಜಿನ ಮೇಲೆ ಮಗುಚಿ ಇಟ್ಟಳು.

"ಇದೇನು ಹೇಳಿ ಸಾರ್."

ರೇಂಜರ್ ತೂತನ್ನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅದೇ ಅವಳ ಪಿತ್ತ ಕೆರಳಿಸಿತು.

"ಉಗ್ರಾಣದ ಗುರುತು," ಎಂದ.

"ಉಗ್ರಾಣದ ಕೀಲಿ?"

"ನನ್ನ ಹತ್ತಿರ."

"ಇನ್ನೊಂದು?"

"ಇನ್ನೊಂದಿಲ್ಲ."

"ತೆಗೀರಿ ಬಾಗಿಲು."

ಉಗ್ರಾಣ ಕಚೇರಿಯ ಹಿಂದಿನ ಕತ್ತಲೆ ಕೋಣೆ. ಮೂರು ಗೋಡೆಗೂ ಹಲಗೆ, ಹಲಗೆಯ ಮೇಲೆ ಜೋಡಿ ಜೋಡಿ ಕೊಂಬು, ಪ್ರತಿಯೊಂದಕ್ಕೂ ತಂತಿಯಲ್ಲಿ ಕಟ್ಟಿದ ತಗಡು. ಎಣಿಕೆಯಣ್ಣನ ಕೈಕೆಲಸ ಅಚ್ಚುಕಟ್ಟು. ಮೊಳೆಯಿಂದ ಕುಟ್ಟಿ ಬರೆದ ಅಂಕಿಗಳು ಮುತ್ತಿನ ಹಾಗೆ ಇದ್ದವು. ಇನ್‌ಸ್ಪೆಕ್ಟರಮ್ಮ ಟಾರ್ಚ್ ಹಿಡಿದು ಒಂದೊಂದನ್ನೇ ಓದುತ್ತ ಹೋದಳು. ಮೂವತ್ತೊಂಬತ್ತು. ನಲವತ್ತು. ಆಮೇಲೆ ನಲವತ್ತೆರಡು. ನಡುವೆ ಹಲಗೆಯ ಮೇಲೆ ಧೂಳಿಲ್ಲದ ಒಂದು ಜಾಗ.

ಬೀಗ ಒಡೆದಿರಲಿಲ್ಲ. ಚಿಲಕಕ್ಕೆ ಗೀರು ಕೂಡ ಬಿದ್ದಿರಲಿಲ್ಲ. ಕಿಟಕಿಗೆ ಕೈ ತೂರದ ಜಾಲರಿ.

"ಬಾಗಿಲು ಗಟ್ಟಿ, ಕೀಲಿ ಒಂದೇ, ಕೀಲಿ ನಿಮ್ಮದು," ಎಂದಳು. "ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಇಲ್ಲಿ ಬೇಲಿ ಹೊಲ ಮೇಯ್ದಿದ್ದಲ್ದೆ ಹೊಲ ಕಾಯೋನ ಮೇಲೇ ಕಳ್ಳತನ ಹೊರಿಸಿದೆ."

"ಕೊಂಬು ನಾನಿಟ್ಟಿಲ್ಲ ಮೇಡಂ."

"ಕೊಂಬಿಗೆ ಕಾಲು ಬಂದು ನಡ್ಕೊಂಡು ಹೋಯ್ತಾ?"

ರೇಂಜರ್ ಕೀಲಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. ಅವನ ಕಣ್ಣು ಒಮ್ಮೆ ಕಚೇರಿಯ ಕಡೆ, ಗುಮಾಸ್ತನ ಕುರ್ಚಿಯ ಕಡೆ ಹೊರಳಿ ಬಂತು. ಇನ್‌ಸ್ಪೆಕ್ಟರಮ್ಮ ಅದನ್ನು ಕಂಡಳು, ಆದರೆ ಕೋಪ ನೆತ್ತಿಗೇರಿದ್ದರಿಂದ ಕಂಡದ್ದನ್ನು ಯೋಚಿಸಲಿಲ್ಲ.

ಕಚೇರಿಯ ಗೋಡೆಗೆ ಎಣಿಕೆ ಪುಸ್ತಕ ನೇತು ಹಾಕಿತ್ತು. ಅವಳು ಅದನ್ನು ಮೊಳೆಯಿಂದ ಕಿತ್ತು ತೆಗೆದಳು. ಆರು ವರ್ಷದ ಎಣಿಕೆ, ಎಲ್ಲ ಸತ್ತವನ ಅಕ್ಷರ. ತಾರೀಕು, ಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು. ಕೊನೆಯ ಕಾಲಮಿನಲ್ಲಿ ಪ್ರತಿದಿನವೂ ಅದೇ ಎರಡು ಪದ: 'ಎದುರು ದಿಬ್ಬದಿಂದ'. ಆರು ವರ್ಷದಲ್ಲಿ ಬೇರೆ ಜಾಗವೇ ಇಲ್ಲ.

"ಯಾಕೆ ಯಾವಾಗ್ಲೂ ಎದುರು ದಿಬ್ಬದಿಂದ?"

"ಆಡುಗಳು ಅಪಾಯಾನ ಕೆಳಗಿಂದ ನಿರೀಕ್ಷೆ ಮಾಡ್ತಾವೆ," ಎಂದ ರೇಂಜರ್, ಪಾಠ ಒಪ್ಪಿಸುವ ಹಾಗೆ. "ಕೆಳಗೆ ಯಾರಾದ್ರೂ ಕಂಡ್ರೆ ಮೇಲಕ್ಕೆ ಹತ್ತಿ ಬಂಡೆ ಸೇರ್ಕೋತಾವೆ. ಮೇಲಿಂದ ಬಂದ್ರೆ ಅವುಕ್ಕೆ ಗೊತ್ತಾಗಲ್ಲ, ಗೊತ್ತಾದಾಗ ಚೆಲ್ಲಾಪಿಲ್ಲಿಯಾಗಿ ಕೆಳಕ್ಕೆ ಓಡಿ ಮರಿಗಳು ಬೀಳ್ತಾವೆ. ಅದಕ್ಕೇ ಎಣಿಸೋರು ಯಾವತ್ತೂ ಹಿಂಡಿನ ಮೇಲ್ಗಡೆ ಹೋಗಲ್ಲ."

"ಮೇಲಿಂದ ಯಾರು ಬರ್ತಾರೆ?"

"ಬೇಟೆಯವರು."

"ಸರಿ. ಈಗ ಇದನ್ನ ಓದಿ."

ಅವಳು ಜೇಬಿನಿಂದ ಮಡಿಸಿದ ಕಾಗದ ತೆಗೆದಳು. ಎಣಿಕೆಯಣ್ಣ ಸತ್ತ ದಿನ, ಇನ್ನೂ ಚೀಲ ಸಿಗುವುದಕ್ಕೆ ಮುಂಚೆ, ಇದೇ ರೇಂಜರ್ ಸಹಿ ಮಾಡಿ ಕೊಟ್ಟ ವರದಿ. ಅವನು ಓದಲಿಲ್ಲ. ಅವಳೇ ಓದಿದಳು.

"'ಮೃತನು ಮೇಲಂಚಿನಲ್ಲಿ ನಿಂತು ಹಿಂಡನ್ನು ಎಣಿಸುತ್ತಿದ್ದಾಗ ಕಾಲು ಜಾರಿ ಬಿದ್ದಿರುತ್ತಾನೆ.' ಮೇಲಂಚಿನಲ್ಲಿ ನಿಂತು ಎಣಿಸ್ತಿದ್ನಾ? ಇಪ್ಪತ್ತೆರಡು ವರ್ಷ ಸರ್ವೀಸು ನಿಮ್ಮದು. ಎಲ್ಲಿಂದ ಎಣಿಸ್ತಾರೆ ಅಂತ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಯಾಕೆ ಬರೆದ್ರಿ?"

ಗುಮಾಸ್ತನ ಪೆನ್ನು ಗೀಚುವುದನ್ನು ನಿಲ್ಲಿಸಿತ್ತು. ರೇಂಜರ್ ಮೇಜಿನ ಮೇಲಿನ ಕೀಲಿಯನ್ನು ನೇರ ಮಾಡಿ ಇಟ್ಟ, ಮತ್ತೆ ಓರೆ ಮಾಡಿದ.

"ನಾನು ಹೇಳ್ತೀನಿ ಕೇಳಿ," ಎಂದಳು ಇನ್‌ಸ್ಪೆಕ್ಟರಮ್ಮ. "ಹಿಂಡಿನ ಮೇಲ್ಗಡೆ ಹೋಗೋನು ಬೇಟೆಯವನು, ಇಲ್ಲ ಬೇಟೆಯವನನ್ನ ಹಿಡಿಯೋಕೆ ಹೋದವನು. ಎಣಿಕೆಯಣ್ಣ ಬೇಟೆಯವನು ಅನ್ನೋಕೆ ಇದ್ದ ಒಂದೇ ಸಾಕ್ಷಿ ಈ ಕೊಂಬು. ಇದು ನಿಮ್ಮ ಉಗ್ರಾಣದ್ದು. ಹಾಗಿದ್ರೆ ಉಳಿಯೋದು ಎರಡನೇದು. ಅವತ್ತು ಮೇಲೆ ಇನ್ನೊಬ್ಬ ಇದ್ದ. ಅವನನ್ನ ತಡೆಯೋಕೆ ಹೋದ ಈ ಬಡಪಾಯಿ ಹೆಣವಾಗಿ ಕೆಳಗೆ ಬಂದ. ನೀವು ಆ ಇನ್ನೊಬ್ಬನನ್ನ ಮುಚ್ಚಿಡ್ತಿದ್ದೀರಿ. ಮೊದಲು ಜಾರಿ ಬಿದ್ದ ಅಂದ್ರಿ, ಅದು ಸಾಲ್ದು ಅನ್ನಿಸಿ ಚೀಲಕ್ಕೆ ಕೊಂಬು ತುರುಕಿದ್ರಿ. ತೂತಿಗೆ ಒಂದಿಷ್ಟು ಮಣ್ಣು ಮೆತ್ತಿ ಕೈ ತೊಳ್ಕೊಂಡ್ರಿ. ನೋಡೋರು ಯಾರು ಅನ್ನೋ ಧೈರ್ಯ."

"ನಾನು ಇಟ್ಟಿಲ್ಲ."

"ಅವನ ಹೆಂಡತಿ ಮುಖ ನೋಡಿ ಹೇಳಿ ಆ ಮಾತು. ಆರು ವರ್ಷ ನಿಮ್ಮ ಕೈಕೆಳಗೆ ದುಡಿದ ಮನುಷ್ಯ. ಸತ್ತ ಆಡಿನ ಕೊಂಬಿಗೂ ಅವನು ನಂಬರ್ ಬರೆದು ಮರ್ಯಾದೆ ಕೊಟ್ಟ. ನೀವು ಅವನ ಹೆಣಕ್ಕೆ ಕಳ್ಳ ಅಂತ ಚೀಟಿ ಅಂಟಿಸಿದ್ರಿ."

ಅವಳ ದನಿ ಕೇಳಿ ಹೊರಗಿದ್ದ ಹೆಡ್ಡು ಬಾಗಿಲಿಗೆ ಬಂದು ನಿಂತ. ರೇಂಜರನ ಕಣ್ಣಂಚು ಕೆಂಪಾಗಿತ್ತು. ಬಾಯಿ ತೆರೆದ, ಗುಮಾಸ್ತನ ಕಡೆ ನೋಡಿದ, ಮುಚ್ಚಿದ.

"ಜೀಪ್ ಹತ್ತಿ," ಎಂದಳು ಅವಳು.

ಅವನು ಎದುರು ಮಾತಾಡದೆ ಟೋಪಿ ತೆಗೆದುಕೊಂಡು ಹತ್ತಿದ. ಹೊರಟಾಗ ಗುಮಾಸ್ತ ಆಗಲೇ ಫೋನಿನ ಮುಂದೆ ನಿಂತಿದ್ದ.

ಜೀಪ್ ಇಳಿಜಾರು ಇಳಿಯಿತು. ಹೆಡ್ಡು ಒಂದು ಸಲ ಕೆಮ್ಮಿ, "ಇಷ್ಟು ಸುಲಭವಾಗಿ ಜೀಪ್ ಹತ್ತಿದ ಆಫೀಸರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಮೇಡಂ," ಎಂದ. ಅವಳು ಅವನನ್ನು ದುರುಗುಟ್ಟಿ ನೋಡಿದಳು. ಹೆಡ್ಡು ದಾರಿ ನೋಡಿದ.

ಠಾಣೆಗೆ ಬಂದಾಗ ನಾಲ್ಕೂ ಇಪ್ಪತ್ತು. ರೇಂಜರನ್ನು ಅವಳ ಕೋಣೆಯಲ್ಲಿ ಕೂರಿಸಿದರು. ಅವಳು ನೇರ ಲಾಕಪ್ಪಿಗೆ ಹೋಗಿ ತಾನೇ ಬಾಗಿಲು ತೆಗೆದಳು.

ಎಣಿಕೆಯಣ್ಣನ ತಮ್ಮ ಗೋಡೆಗೆ ಒರಗಿ ಕೂತಿದ್ದ. ಮೂವತ್ತರ ಆಚೀಚೆಯ ಗಟ್ಟಿ ಆಳು, ಅವನೂ ಹಿಂಡಿನ ಕಾವಲುಗಾರನೇ. ನಾಲ್ಕು ದಿನದ ಗಡ್ಡ, ತುಟಿ ಒಡೆದಿತ್ತು. ಒಡೆದದ್ದು ಹೇಗೆ ಎಂದು ಅವಳು ಆಮೇಲೆ ಠಾಣೆಯವರನ್ನು ಕೇಳುವವಳಿದ್ದಳು.

"ಏಳಪ್ಪ," ಎಂದಳು. "ಕೊಂಬು ನೋಡಿದೆ. ತೂತು ಸಿಕ್ತು. ನಿಮ್ಮಣ್ಣ ಕಳ್ಳ ಅಲ್ಲ ಅಂತ ನಾನು ಬರೀತೀನಿ. ಕೊಂಬು ಇಟ್ಟವನನ್ನ ಎಳ್ಕೊಂಡು ಬಂದಿದೀನಿ."

ಅವನು ಏಳಲಿಲ್ಲ.

"ಯಾರನ್ನ ಎಳ್ಕೊಂಡು ಬಂದ್ರಿ?"

"ರೇಂಜರನ್ನ. ಇನ್ಯಾರನ್ನ?"

ತಮ್ಮ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ.

"ಕೊಂಬು ಇಟ್ಟಿದ್ದು ನಾನು ಮೇಡಂ," ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈ ಮುಷ್ಟಿಯಾಯಿತು.

"ಹೆತ್ತ ತಾಯಿ ಒಬ್ಬಳೇ ಅಲ್ಲವೇನೋ ನಿಮಗೆ? ಒಡಹುಟ್ಟಿದವನ ಹೆಣದ ಚೀಲಕ್ಕೆ..."

"ಬಯ್ಯಿರಿ, ತಪ್ಪಿಲ್ಲ. ಆದ್ರೆ ಪೂರ್ತಿ ಕೇಳ್ಕೊಂಡು ಬಯ್ಯಿರಿ. ಅವತ್ತು ನಾನು ಎದುರು ದಿಬ್ಬದಲ್ಲಿದ್ದೆ. ಎಣಿಸ್ತಿದ್ದೆ. ಹಿಂಡು ಇದ್ದಕ್ಕಿದ್ದ ಹಾಗೆ ಕೆಳಕ್ಕೆ ಓಡ್ತು. ಮೇಲೆ ನೋಡಿದ್ರೆ ಅಂಚಲ್ಲಿ ಇಬ್ಬರು. ಒಬ್ಬ ಅಣ್ಣ, ಅವನ ನಡಿಗೆ ಗೊತ್ತು ನಂಗೆ. ಇನ್ನೊಬ್ಬನ ಮುಖ ಕಾಣ್ಲಿಲ್ಲ, ದೂರ. ಕೈಯಲ್ಲಿ ಬಂದೂಕಿತ್ತು. ಆಮೇಲೆ ಒಬ್ಬನೇ ಉಳಿದ."

"ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಅವತ್ತೇ ಈ ಠಾಣೆಗೆ ಓಡಿ ಬಂದು ಹೇಳ್ದೆ. ಬರ್ಕೊಳ್ಳಲಿಲ್ಲ. ಮಂಜಿತ್ತು, ನಿನಗೇನು ಕಂಡಿರುತ್ತೆ, ಕಾವಲುಗಾರ ಅಂದ್ಮೇಲೆ ಜಾರಿ ಬೀಳ್ತಾನೆ ಅಂದ್ರು. ಕತ್ತಲಾಗೋ ಮುಂಚೆ ಕಾಗದ ಮುಗಿಸಿ ಕಳಿಸಿದ್ರು. ಅಣ್ಣನ ಕಾಲ ಮೇಲಿನ ರಕ್ತ ಇನ್ನೂ ಒಣಗಿರ್ಲಿಲ್ಲ ಮೇಡಂ."

ಅವನ ದನಿ ಏರಲಿಲ್ಲ. ನಾಲ್ಕು ದಿನ ಒಳಗೇ ಇಟ್ಟುಕೊಂಡ ಸಿಟ್ಟು ಗಟ್ಟಿಯಾಗಿತ್ತು.

"ಮನುಷ್ಯ ಸತ್ರೆ ನೀವು ಬರಲ್ಲ. ಆಡು ಸತ್ರೆ ಬರ್ತೀರಿ. ಹೋದ ವರ್ಷ ಒಂದು ಆಡು ಗುಂಡೇಟಿಗೆ ಬಿತ್ತು ಅಂತ ಹತ್ತು ಜೀಪ್ ಬಂದಿದ್ವು. ಒಂದು ಕೊಂಬು ಸಿಕ್ಕಿದ್ರೂ ಕೇಸು ಮೇಲಿನ ತನಕ ಹೋಗುತ್ತೆ, ದೊಡ್ಡ ಊರಿಂದ ಇನ್‌ಸ್ಪೆಕ್ಟರು ಬರ್ತಾರೆ. ನೀವು ಬಂದಿದ್ದೂ ಕೊಂಬಿಗೇ ಅಲ್ವಾ?"

ಅವಳು ಬಂದದ್ದು ಕೊಂಬಿಗೇ.

"ಅಣ್ಣನ ಚೀಲ ಇನ್ನೂ ಬಂಡೆ ಸಂದಿಯಲ್ಲೇ ಬಿದ್ದಿತ್ತು. ತಗಡು ಬಿಚ್ಚಿ ಕೊಂಬು ಅದರಲ್ಲಿ ಹಾಕಿದೆ. ತಗಡು ಬಿಟ್ಟಿದ್ರೆ ನೀವು ಬರ್ತಾನೇ ಇರ್ಲಿಲ್ಲ. ತೂತಿಗೆ ಬರೀ ಮಣ್ಣು ಮೆತ್ತಿದೆ, ಗಟ್ಟಿಯಾಗಿ ಮುಚ್ಚಿದ್ರೆ ಅಣ್ಣ ಕಳ್ಳನಾಗೇ ಉಳೀತಿದ್ದ. ಬಂದೋರು ಕೊಂಬು ಮಗುಚಿ ನೋಡೇ ನೋಡ್ತಾರೆ, ಅಷ್ಟೂ ಗೊತ್ತಿಲ್ದೆ ಇರ್ತಾರಾ ಅಂದ್ಕೊಂಡೆ. ನಮ್ಮ ಕೆಲಸದಲ್ಲಿ ಯಾರಾದ್ರೂ ಕೊಂಬು ಕೈಗೆ ತಗೊಂಡ ಕೂಡ್ಲೇ ಮಗುಚ್ತಾರೆ. ನೀವು ಫೋಟೋ ತೆಗೆದ್ರಿ. ಆಮೇಲೆ ನನ್ನನ್ನ ಒಳಗೆ ಹಾಕಿದ್ರಿ. ಅತ್ತಿಗೆಗೆ ಕಳ್ಳನ ಹೆಂಡತಿ ಅಂದ್ರಿ."

ಕೆಂಡಮ್ಮನಿಗೆ ಈಗ ಯಾರ ಮೇಲೆ ರೇಗಬೇಕೋ ತಿಳಿಯದೆ ಹೋಯಿತು. ಇವನು ಹೇಳಿದ್ದನ್ನು ಬರೆದುಕೊಂಡರೆ ಸಾಕ್ಷಿ ಕೆಡಿಸಿದ ಅಪರಾಧ ಇವನದೇ. ಕೊಂಬಿನ ಕೇಸು ಬಿದ್ದುಹೋಗುತ್ತದೆ, ಜೊತೆಗೆ ಇವನ ಮಾತಿನ ಬೆಲೆಯೂ. ಮತ್ತೆ ಅದೇ 'ಕಾಲು ಜಾರಿ'. ಬರೆದುಕೊಳ್ಳದಿದ್ದರೆ ಕೊಂಬು ಯಾರಿಟ್ಟದ್ದೆಂದು ತೋರಿಸಲಾಗದೆ ಐದು ಗಂಟೆಗೆ ಅವನ ಅಣ್ಣ ಕಳ್ಳ. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು.

ಆಗ ಅವಳಿಗೆ ಒಂದು ಮಾತು ತಟ್ಟಿತು.

"ಉಗ್ರಾಣದ ಬೀಗ ಒಡೆದಿಲ್ಲ. ಒಳಗೆ ಹೇಗೆ ಹೋದೆ?"

ತಮ್ಮ ತಲೆ ತಗ್ಗಿಸಿದ. ನಾಲ್ಕು ದಿನ ಬಾಯಿ ಬಿಡದೆ ಇದ್ದದ್ದು ಇದಕ್ಕೇ ಎಂದು ಅವಳಿಗೆ ಅರ್ಥವಾಯಿತು.

"ಕೀಲಿ ಕೊಟ್ರು," ಎಂದ. "ಕೇಳಿದ್ದಕ್ಕೆ ಏನೂ ಕೇಳ್ದೆ ಕೊಟ್ರು. ಅವರ ಹೆಸರು ಬರೀಬೇಡಿ ಮೇಡಂ. ಅವರಿಗೂ ಹೆಂಡತಿ ಮಕ್ಕಳಿದಾರೆ."

ಇನ್‌ಸ್ಪೆಕ್ಟರಮ್ಮ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರೇಂಜರ್ ಕೂರಿಸಿದ ಹಾಗೆಯೇ ಕೂತಿದ್ದ. ಎದುರಿಗಿನ ಟೀ ತಣ್ಣಗಾಗಿತ್ತು. ಇಡೀ ಮಧ್ಯಾಹ್ನ ಅವಳು ಹುತ್ತ ಬಡಿದಿದ್ದಳು. ಹಾವು ಬೇರೆಲ್ಲೋ ಇತ್ತು. ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಮತ್ತೆ ಸಿಟ್ಟು ಬಂತು.

"ಅಷ್ಟು ಬೈದ್ನಲ್ಲ, ಒಂದು ಮಾತು ಹೇಳಬಾರದಿತ್ತಾ?"

"ಗುಮಾಸ್ತನ ಮುಂದೆಯಾ?"

"ದಾರಿಯಲ್ಲಿ ಹೇಳಬಹುದಿತ್ತು."

"ನೀವು ಯಾರ ಕಡೆಯವರು ಅಂತ ನಂಗೆ ಗೊತ್ತಿರಲಿಲ್ಲ ಮೇಡಂ. ಈಗ್ಲೂ ಪೂರ್ತಿ ಗೊತ್ತಿಲ್ಲ."

ಅವಳು ಮಡಿಸಿದ ವರದಿಯನ್ನು ಅವನ ಮುಂದೆ ಬಿಚ್ಚಿಟ್ಟು, 'ಮೇಲಂಚಿನಲ್ಲಿ ನಿಂತು ಎಣಿಸುತ್ತಿದ್ದಾಗ' ಎಂಬ ಸಾಲಿನ ಮೇಲೆ ಬೆರಳಿಟ್ಟಳು.

"ಎಣಿಕೆ ಗೊತ್ತಿರೋ ಯಾರೂ ಈ ಸಾಲು ಬರೆಯಲ್ಲ. ನೀವಂತೂ ಬರೆಯಲ್ಲ."

"ನಾನು ಬರೆದಿದ್ದೇ. ಹೇಳಿ ಬರೆಸಿದ್ರು. ಎಲ್ಲಿಂದ ಎಣಿಸ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ತಿದ್ದಲಿಲ್ಲ. ಹೇಳಿದ್ದನ್ನ ಹಾಗೇ ಇಳಿಸಿ ಸಹಿ ಹಾಕಿದೆ, ಓದೋರು ಒಬ್ಬರಾದ್ರೂ ಸಿಗ್ಲಿ ಅಂತ."

"ಯಾರು ಬರೆಸಿದ್ದು? ಅವತ್ತು ಮೇಲೆ ಬಂದೂಕು ಹಿಡಿದಿದ್ದವನು ಯಾರು?"

ರೇಂಜರ್ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಐದು ಗಂಟೆಗೆ ಫೈಲು ಮುಚ್ಚು ಅಂತ ನಿಮಗೆ ಹೇಳಿದವರು ಯಾರು ಮೇಡಂ?"

ಅವಳ ಬೆರಳು ಆ ಸಾಲಿನ ಮೇಲೆಯೇ ಉಳಿಯಿತು. ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಐದಕ್ಕೆ ಇನ್ನೂ ಎಂಟು ನಿಮಿಷವಿತ್ತು.